ನನ್ನ ತವರಿನಲ್ಲಿ ಓರಗಿತ್ತಿಯ ಬಾಣಂತನ

ನನ್ನ ಓರಗಿತ್ತಿ ರೊಮೇನಿಯಾದವಳು. ಗಂಡನ ಅಣ್ಣ ಅಲ್ಲಿಗೆ ಎಂಜಿನಿಯರಿಂಗ್ ಓದಲು ಹೋಗಿದ್ದವರು, ಪದವಿಯ ಜೊತೆಗೆ ಅವಳನ್ನೂ ಕರೆದುಕೊಂಡು ಭದ್ರಾವತಿಗೆ ವಾಪಸಾದರು. ತೊಂಬತ್ತರ ದಶಕದ ಕೊನೆಯ ಮಾತು. ಕಾರ್ಖಾನೆಯ ಕ್ವಾರ್ಟರ್ಸಿನ ಆ ಮನೆಗೆ ನಾನು ಅವಳಿಗಿಂತ ಮೊದಲೇ ಸೊಸೆಯಾಗಿ ಬಂದಿದ್ದೆ. ನಾನು ದಿನಾ ರೊಟ್ಟಿ ತಟ್ಟಿದರೂ ಚೆನ್ನಾಗಿದೆ ಎನ್ನಲು ಬಾಯಿ ಬಾರದ ಅತ್ತೆ, ಅವಳು ‘ಉಪ್ಪು’ ಎಂದರೆ ಸಾಕು, ಕಾಂಪೌಂಡಿನಾಚೆಯ ತಮಿಳು ಹೆಂಗಸನ್ನು ಕೂಗಿ ಕರೆದು ಇನ್ನೊಮ್ಮೆ ಹೇಳಿಸುತ್ತಿದ್ದರು. ನಾನು ಹುಟ್ಟಿದಾಗಿನಿಂದ ಉಪ್ಪು ಎನ್ನುತ್ತಿದ್ದೇನೆ, ಯಾರೂ ಚಪ್ಪಾಳೆ ತಟ್ಟಿಲ್ಲ.

ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತೆಂಬ ತಪ್ಪಿಗೆ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಭಾವ ಶಿವಮೊಗ್ಗದಿಂದ ಒಂದು ಗ್ರಾಮರ್ ಪುಸ್ತಕ ತಂದುಕೊಟ್ಟರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಡಬ್ಬಿಯೊಳಗೆ ನಿಂಬೆಹಣ್ಣು ಹಾಕಿ ‘ಇನ್’ ಎನ್ನುತ್ತಿದ್ದೆ, ಮುಚ್ಚಳದ ಮೇಲಿಟ್ಟು ‘ಆನ್’ ಎನ್ನುತ್ತಿದ್ದೆ. ಅವಳು ಅದನ್ನೇ ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು: ಒಳಗಿದ್ದರೆ ‘ಇನ್’, ಮೇಲಿದ್ದರೆ ‘ಪೆ’. ಒಂದು ಕಡೆ ಇದ್ದರೂ ‘ಲಾ’, ಅಲ್ಲಿಗೆ ಹೋಗುವುದಾದರೂ ‘ಲಾ’. ನಮ್ಮಲ್ಲಿ ಪದದ ಹಿಂದೆ ಬರುವ ‘ಒಳಗೆ’, ‘ಮೇಲೆ’ಗಳೆಲ್ಲ ಆ ಎರಡು ಭಾಷೆಗಳಲ್ಲೂ ಮುಂದೆ ಬಂದು ನಿಲ್ಲುತ್ತವಲ್ಲ, ಅದಕ್ಕೇ ಅವಳಿಗೆ ಇಂಗ್ಲಿಷ್ ಸಲೀಸಾಗಿ ಹತ್ತಿತು. ‘ನನಗಿದೆ’ ಎನ್ನಲು ಅವರಲ್ಲಿ ‘ಆಮ್’ ಅನ್ನಬೇಕಂತೆ. ಹಾಗಾಗಿ ತಲೆನೋವು ಬಂದರೆ ‘ಐ ಆ್ಯಮ್ ಹೆಡೇಕ್’ ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಆ ಖುಷಿಯೂ ಬಹಳ ದಿನ ಉಳಿಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ನನ್ನ ಕ್ರಿಯಾಪದ ತಿದ್ದತೊಡಗಿದಳು. ನಾನು ಸಿಟ್ಟಿಗೆ ಅವಳ ರೊಮೇನಿಯನ್ನನ್ನೇ ಹಟ ಹಿಡಿದು ಕಲಿತೆ.

ಇಷ್ಟನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಆಮೇಲೆ ಬಂತು. ಅವಳು ಬಸುರಿಯಾದಳು. ನನಗಿನ್ನೂ ಆಗಿರಲಿಲ್ಲ. ಶಿವಮೊಗ್ಗದ ವಿನೋಬನಗರದಿಂದ ನನ್ನ ಅಮ್ಮ ನೋಡಲು ಬಂದವಳು ಅತ್ತೆಯ ಮುಂದೆ ಕೂತು, “ಚೊಚ್ಚಲು ಬಾಣಂತನ ತವರಲ್ಲೇ ಆಗ್ಬೇಕು. ಪಾಪ, ಅವಳ ತವರು ಎಲ್ಲೋ ಇದೆ. ನಮ್ಮನೆಗೆ ಕಳ್ಸಿ, ನಾನೇ ಮಾಡ್ತೀನಿ” ಎಂದುಬಿಟ್ಟಳು. ಮಂಡಿನೋವಿನ ಅತ್ತೆಗೆ ಇನ್ನೇನು ಬೇಕು, ಕೈಮುಗಿದರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಬಾಣಂತನಕ್ಕೆಂದು ಅಮ್ಮ ಮದುವೆಯಾದ ವರ್ಷವೇ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿಟ್ಟಿದ್ದಳು. ನಾನು ಮಲಗಬೇಕಿದ್ದ ಕೋಣೆ, ನನಗಾಗಿ ಕಾಯಬೇಕಿದ್ದ ಹಂಡೆ, ನನ್ನ ಅಮ್ಮ. ಎಲ್ಲವೂ ಅವಳ ಪಾಲಾಯಿತು. ನನಗೆ ಸಿಕ್ಕಿದ್ದು ದುಭಾಷಿಯ ಕೆಲಸ. ಇಬ್ಬರ ನಡುವೆ ಮಾತಿಗೊಬ್ಬರು ಬೇಕೆಂದು ನನ್ನನ್ನೂ ಶಿವಮೊಗ್ಗಕ್ಕೆ ಕಳಿಸಿದರು. ಹೋಗಿ ನೋಡಿದರೆ ನನ್ನ ಅಗತ್ಯವೇ ಇರಲಿಲ್ಲ. ಮಂಚದ ಮೇಲೆ, ಕಂಬಳಿಯ ಕೆಳಗೆ, ಬಚ್ಚಲಿನ ಒಳಗೆ ಎಂದು ನಾನು ಮೂರು ಭಾಷೆಯಲ್ಲಿ ಹೊಂದಿಸುವಷ್ಟರಲ್ಲಿ ಅಮ್ಮ ಅವಳ ರಟ್ಟೆ ಹಿಡಿದು ಕೂರಿಸಿ ಆಗಿರುತ್ತಿತ್ತು. ಹೆಣ್ಣುಮಗು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಕುದಿಯುವ ನೀರು ಹೊಯ್ದರೆ ಅವಳು ಕಿರುಚುತ್ತಿದ್ದಳು, ಅಮ್ಮ ನಗುತ್ತಿದ್ದಳು, ಆಮೇಲೆ ಇಬ್ಬರೂ ನಗುತ್ತಿದ್ದರು. ನಾನು ಹೊರಗೆ ನಿಂತು ಬಟ್ಟೆ ಹಿಂಡುತ್ತಿದ್ದೆ. ಬಟ್ಟೆಯ ಜಾಗದಲ್ಲಿ ಯಾರ ಕತ್ತಿದ್ದರೂ ಆಗುತ್ತಿತ್ತು.

ಒಂದು ಬೆಳಿಗ್ಗೆ ರೊಮೇನಿಯಾದಿಂದ ಓರಗಿತ್ತಿಯ ತಾಯಿಯ ಫೋನ್ ಬಂತು. ಮಗು ಹುಟ್ಟಿದ ಮೇಲೆ ಅದೇ ಮೊದಲು. ಅವಳಿಗೆ ಆಗಷ್ಟೇ ಎರೆದಾಗಿತ್ತು. ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಅಮ್ಮ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ಹತ್ತಿ ತೆಗೆಯಲು ಹೋದವಳ ಕೈಗೆ ಅಮ್ಮ ರಪ್ಪನೆ ಒಂದು ಬಿಟ್ಟಳು.

“ಶೀತ ಹೊಕ್ಕೊಂಡ್ರೆ ಜನ್ಮಕ್ಕೆ ಬಿಡಲ್ಲ ಕಣೇ! ಅವಳ ಬಾಯಿಗೆ ಫೋನ್ ಹಿಡಿ ನೀನು. ಆ ಕಡೆಯಿಂದ ಏನಂತಾರೋ ಕೇಳಿ ಕೂಗಿ ಹೇಳು” ಎಂದು ನನಗೆ ಅಪ್ಪಣೆಯಾಯಿತು.

ಹಾಗೆ ಅವಳು ಮಾತಾಡಿದಳು, ನಾನು ಕೇಳಿಸಿಕೊಂಡೆ. ಆ ತಾಯಿಯ ಪ್ರಶ್ನೆಗಳನ್ನು ನಾನು ಓರಗಿತ್ತಿಯ ಕಿವಿಯ ಬಟ್ಟೆಗೆ ಬಾಯಿಟ್ಟು ಕೂಗುತ್ತಿದ್ದೆ. ಊಟ ಮಾಡುತ್ತೀಯಾ, ನಿದ್ದೆ ಬರುತ್ತದಾ, ಎಲ್ಲಿದ್ದೀಯಾ. “ಸುಂಟ್ ಲಾ ಮಾಮಾ” ಎಂದು ಅವಳು ಅರಚಿದಳು. ಅಮ್ಮನ ಮನೆಯಲ್ಲಿದ್ದೇನೆ. ಅಮ್ಮ ಎಣ್ಣೆ ಹಚ್ಚುತ್ತಾಳೆ, ಅಮ್ಮ ಸ್ನಾನ ಮಾಡಿಸುತ್ತಾಳೆ, ಅಮ್ಮ ಬೈಯುತ್ತಾಳೆ. ಮುಖವೆಲ್ಲ ನಗು.

ತೀರಾ ಸಣ್ಣ ದನಿಯಲ್ಲಿ, “ಕಾರೆ ಮಾಮಾ?” ಎಂದಳು ಆ ತಾಯಿ. ಯಾವ ಅಮ್ಮ?

“ಏನು? ಏನಂದಳು?” ಎಂದು ಓರಗಿತ್ತಿ ನನ್ನ ತೋಳು ಅಲುಗಿಸಿದಳು. ಫೋನನ್ನು ನನ್ನ ಬಾಯಿಗೇ ಹಿಡಿದುಕೊಂಡೆ. “ಮಾಮಾ ಮ್ಯಾ” ಎಂದೆ. ನನ್ನ ಅಮ್ಮ. ತಿಂಗಳುಗಳಿಂದ ಗಂಟಲಲ್ಲಿ ಕೂತಿದ್ದ ಮಾತು ಅದು, ಬೇಕೆಂದೇ ಜೋರಾಗಿ ಹೇಳಿದೆ. ಆಮೇಲೆ ಕ್ರಿಯಾಪದ ಹುಡುಕಿಕೊಂಡು, “ತೂ ಯೆಷ್ಟ್ ಮಾಮಾ ಯೇಯ್” ಎಂದೆ. ಅವಳ ಅಮ್ಮ ನೀನು. ಹಿರಿಯರಿಗೆ ಹೇಳುವ ಬಹುವಚನ ನನಗಿನ್ನೂ ಬಂದಿರಲಿಲ್ಲ. ಆ ಹೆಂಗಸು ಗಳಗಳನೆ ಅತ್ತುಬಿಟ್ಟಳು.

ಅಳು ಅಮ್ಮನಿಗೂ ಕೇಳಿಸಿತು. “ಅಯ್ಯೋ, ಏನಂತೆ ಅವ್ರಿಗೆ?” ಎಂದು ಹತ್ತಿರ ಬಂದಳು.

“ಏನಿಲ್ಲ. ಮಗಳು ಕೈಬಿಟ್ಟು ಹೋದ್ಲು ಅಂತ ಹೊಟ್ಟೆ ಉರೀತಿದೆ. ನಂಗೆ ಅಮ್ಮ ಕೈಬಿಟ್ಟು ಹೋದ್ಲು ಅಂತ ಉರಿಯಲ್ವಾ, ಹಾಗೇ” ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ಕೈಯಲ್ಲಿನ್ನೂ ಎಣ್ಣೆಯ ಜಿಡ್ಡಿತ್ತು. ಅದನ್ನು ಸೆರಗಿಗೆ ಒರೆಸಲು ಹೋದವಳು ಹಾಗೇ ನನ್ನ ನೆತ್ತಿಗೆ ಹಚ್ಚಿ, ಕೂದಲೊಳಗೆ ಬೆರಳಿಟ್ಟು ಗಟ್ಟಿಯಾಗಿ ತಿಕ್ಕಿದಳು.

“ಫೋನ್ ಇಡ್ಬೇಡ ಮಾರಾಯ್ತಿ” ಎಂದಳು. “ಅವ್ರು ಅತ್ತು ಮುಗಿಸ್ಲಿ. ನೀನೂ ಅಳು.”