ಬಾಳಪ್ಪ ಅಂಕಲ್ ಬ್ಯಾಂಜೊ ಹಿಡಿದ ರೀತಿ

ಬಾಳಪ್ಪ ಅಂಕಲ್ ಬೆಳಗಾವಿ ಕಡೆಯವರು. ನಾರ್ತ್ ಸಿಡ್ನಿಯಲ್ಲಿ ಆರು ವರ್ಷ ಕೆಲಸ ಮಾಡಿ, 2005ರಲ್ಲಿ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಬಂದರು. ತೀರಿಹೋದ ತಾಯಿ ರುದ್ರವ್ವ ಶಾಲೆಯ ಟೀಚರ್ ಆಗಿದ್ದರೆಂದು ಎಲ್ಲರಿಗೂ ಹೇಳಿದ್ದರು. ಮಗಳು ಮಾಧುರಿಗೂ ಅಷ್ಟೇ ಗೊತ್ತಿತ್ತು. ವಾದ್ಯವೆಂದರೆ ತಮಗೆ ಏನೂ ತಿಳಿಯದು ಎನ್ನುತ್ತಿದ್ದರು.

ಮಾಧುರಿ ಬ್ಯಾಂಜೊ ಕಲಿಯುತ್ತಿದ್ದಳು. ಒಂದು ಭಾನುವಾರ ಬ್ಲೂಗ್ರಾಸ್ ಎಂಬ ಸಂಗೀತದ ಕೂಟಕ್ಕೆ ಅಂಕಲ್ ಅವಳನ್ನೂ, ಅವಳ ಗೆಳತಿಯಾದ ನನ್ನನ್ನೂ, ತಮ್ಮ ಗೆಳೆಯ ವೀರೇಂದ್ರ ಅಂಕಲ್‌ರನ್ನೂ ಕಾರಿನಲ್ಲಿ ಕರೆದೊಯ್ದರು. ಅಲ್ಲಿ ಡ್ರಮ್ ಇರಲಿಲ್ಲ. ಸುತ್ತ ಕುಳಿತವರಲ್ಲಿ ಒಬ್ಬರು ನುಡಿಸುವಾಗ ಉಳಿದವರು ಸದ್ದು ತಗ್ಗಿಸಿ ದಾರಿ ಬಿಡುತ್ತಿದ್ದರು. ವಾದ್ಯಗಳು ವೇಗವಾಗಿ ಓಡುತ್ತಿದ್ದರೂ ಹಾಡುವ ದನಿ ಅಳುವಂತಿತ್ತು. ನನಗೆ ಹಿಡಿಸಿದ್ದು ಅದೇ.

ಬಿಡುವಿನಲ್ಲಿ ಮಾಧುರಿಯ ಗುರು ಮಾರ್ಗರೆಟ್ ಇತಿಹಾಸ ಹೇಳಿದರು. ಅಮೆರಿಕದ ಗುಡ್ಡಗಾಡಿನ ಈ ಸಂಗೀತ 1940ರ ದಶಕದಲ್ಲಿ ರೂಪುಗೊಂಡಿತಂತೆ. ಪಿಟೀಲಿನ ಧಾಟಿಗಳು ಸ್ಕಾಟ್ಲೆಂಡ್, ಐರ್ಲೆಂಡಿನವರು ತಂದದ್ದು. ಬ್ಯಾಂಜೊ, ಆಫ್ರಿಕಾದಿಂದ ಗುಲಾಮರಾಗಿ ಹೋದವರದು. "ಈ ಮೂಲವನ್ನು ಬಹಳ ಕಾಲ ಮುಚ್ಚಿಟ್ಟಿದ್ದರು" ಎಂದು ಹೇಳಿ, ಸೋರೆಬುರುಡೆಗೆ ಆಡಿನ ಚರ್ಮ ಬಿಗಿದ ಹಳೇ ಮಾದರಿಯ ಬ್ಯಾಂಜೊವನ್ನು ಬಾಳಪ್ಪ ಅಂಕಲ್ ಕೈಗೆ ಕೊಟ್ಟರು.

ಅಂಕಲ್ ಅದನ್ನು ಎಡಕಂಕುಳಲ್ಲಿ ಅವುಚಿಕೊಂಡು ಒಂದೇ ತಂತಿಯನ್ನು ಮೀಟತೊಡಗಿದರು. ತಾಳ ಎಲ್ಲಿಯೂ ತಪ್ಪಲಿಲ್ಲ. ಮಾಧುರಿ ಬಾಯಿ ತೆರೆದು ನೋಡುತ್ತಿದ್ದಳು.

"ಏ ಬಾಳಪ್ಪಾ, ಜೋಗತ್ಯಾರು ಚೌಡಿಕಿ ಹಿಡದಂಗ ಹಿಡದಿಯಲ್ಲೋ!" ವೀರೇಂದ್ರ ಅಂಕಲ್ ಜೋರಾಗಿ ನಕ್ಕರು. "ಯಲ್ಲಮ್ಮನ ಹೆಸರಲೆ ಮನಿ ಮನಿ ಬೇಡಾಕ ಹೊಂಟಿಯೇನು? ಟೀಚರ್ ಮಗಾ ಇದನ್ನೆಲ್ಲಿ ಕಲ್ತಿ?"

ಜೊತೆಗೆ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಳಪ್ಪ ಅಂಕಲ್ ನಗಲಿಲ್ಲ.

"ನಮ್ಮವ್ವ ಟೀಚರ್ ಅಲ್ಲಪಾ, ಜೋಗತಿ. ಚೌಡಿಕಿ ಬಾರಿಸಿ, ಬೇಡಿ ನನ್ನ ಓದಿಸಿದ್ಲು."

ಹಿಂದಿರುಗುವಾಗ ವೀರೇಂದ್ರ ಅಂಕಲ್ ನಮ್ಮ ಕಾರು ಹತ್ತಲಿಲ್ಲ, ಟ್ರೈನ್ ಹಿಡಿದರು.

ಮಾಧುರಿಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. "ಅಪ್ಪಾ, ದಟ್ಸ್ ಅಮೇಝಿಂಗ್! ಅಜ್ಜಿ ಚೌಡಿಕಿ ಈಗ ಎಲ್ಲಿದೆ? ಐ ವಾಂಟ್ ಇಟ್!" ಮನೆ ತಲುಪಿದ್ದೇ ಬೆಳಗಾವಿಯ ಸೋದರತ್ತೆ ಬಸಕ್ಕನಿಗೆ ಫೋನ್ ಮಾಡು ಎಂದು ಹಟ ಹಿಡಿದಳು. ಅಂಕಲ್ ನಂಬರ್ ಒತ್ತಲು ಬಹಳ ತಡಮಾಡಿದರು. ಅವಳೇ ಸ್ಪೀಕರ್ ಹಾಕಿದಳು.

"ಯಾವ ಚೌಡಿಕಿ ಯಪ್ಪಾ?" ಎಂದರು ಬಸಕ್ಕ. "ಅವ್ವ ಸತ್ತಾಗ ನೀನ ಫೋನಿನ್ಯಾಗ ಹೇಳಿದ್ದಿ, ಹೊಳಿಗಿ ಒಗದ ಬಿಡು, ಯಾರ ಕಣ್ಣಿಗೂ ಬೀಳಬಾರದು ಅಂತ. ಮರತಿಯೇನು?"

ಮಾಧುರಿ ತಂದೆಯ ಮುಖ ನೋಡಿದಳು. ಕೂಟದಲ್ಲಿ ಕೇಳಿದ ಯಾವ ಮಾತಿಗೂ ಅವಳು ಹೀಗೆ ಬೆಚ್ಚಿರಲಿಲ್ಲ.

"ಯು ಟೋಲ್ಡ್ ಹರ್ ಟು ಥ್ರೋ ಇಟ್?"

"ಹೌದು" ಎಂದರು ಅಂಕಲ್.

ಅತ್ತಲಿಂದ ಬಸಕ್ಕ "ಹಲೋ, ಹಲೋ" ಎನ್ನುತ್ತಲೇ ಇದ್ದರು.