ಮೂರ್ದಿನ ಮತ್ತು ಅವನ ಅಕ್ಕನ ಪಾದ

ಏಯ್, ಎದುರು ಬದಿಯವರೇ! ತರಕಾರಿ ಆಮೇಲೆ ತಗೊಳ್ಳಿ, ಸ್ವಲ್ಪ ಈ ಕಡೆ ಕಿವಿ ಕೊಡ್ರಪ್ಪಾ! ಬೂಟು ಹೊಲಿಯುವ ನಮ್ಮ ಮೂರ್ದಿನ ನಿನ್ನೆ ಒಂದು ನಿಮಿಷ ಕೂತಲ್ಲಿ ಕೂರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಮೂರ್ದಿನ ಅವನ ಅಡ್ಡಹೆಸರು. ಚಿಕ್ಕಂದಿನಿಂದ ತಿಂಗಳಿಗೊಮ್ಮೆ ಜ್ವರ, ಹೊಟ್ಟೆ ಹಿಂಡುವ ನೋವು. ಮೂರನೆಯ ದಿನ ಎಲ್ಲ ಮಾಯ. ಶಾಲೆಗೆ ಚಕ್ಕರ್ ಹೊಡೆಯುವ ನಾಟಕವೆಂದು ಬೈಸಿಕೊಂಡ. ಅಪೆಂಡಿಕ್ಸ್ ಎಂದು ಸುಮ್ಮಸುಮ್ಮನೆ ಹೊಟ್ಟೆಯನ್ನೂ ಕೊಯ್ಯಿಸಿಕೊಂಡ. ಮೂವತ್ತು ದಾಟಿದ ಮೇಲೆ ಒಬ್ಬ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಗುಟ್ಟು ಹಿಡಿದರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡು ಕೆಟ್ಟ ಜೀನು ಇವನ ಪಾಲಿಗೆ ಬಂದಿದ್ದವು. ಒಂದೊಂದೇ ಇಟ್ಟುಕೊಂಡಿದ್ದ ಅವರಿಬ್ಬರಿಗೂ ಏನೂ ಆಗಿರಲಿಲ್ಲ. ದಿನಾ ಮಾತ್ರೆ ಶುರುವಾದ ಮೇಲೆ ಜ್ವರ ಬಾಲ ಮುದುರಿತು. ಡಾಕ್ಟರಮ್ಮನ ಇನ್ನೊಂದು ಮಾತು ಮಾತ್ರ ತಲೆ ಕೊರೆಯುತ್ತಿತ್ತು: "ಒಡಹುಟ್ಟಿದವರಿಗೂ ಇರಬಹುದು. ಅಪರೂಪಕ್ಕೆ ಕೆಲವರಿಗೆ ಜ್ವರಾನೇ ಬರಲ್ಲ, ಸೀದಾ ಕಿಡ್ನಿಗೆ ಕೈ ಹಾಕುತ್ತೆ. ಕಾಲು ಊದುತ್ತೆ, ಮೂತ್ರದಲ್ಲಿ ನೊರೆ ಬರುತ್ತೆ."

ನಿನ್ನೆ ಅವನ ಅಕ್ಕ ಬಂದಳು. ಸಿಟಿ ಬಸ್ ಡ್ರೈವರ್, ಜ್ವರವೆಂದರೇನೆಂದೇ ಅರಿಯದವಳು. ಬೂಟನ್ನು ಮೇಜಿನ ಮೇಲೆ ಕುಕ್ಕಿದಳು.

"ತಮ್ಮ ಅಂತ ಹೊಲಿಸ್ಕೊಂಡ್ರೆ ಚರ್ಮದಲ್ಲೂ ಜಿಪುಣತನನಾ? ಕಾಲೇ ಒಳಗೆ ಹೋಗ್ತಿಲ್ಲ!"

ಅಳತೆಯೇ ತಪ್ಪಿತೇನೋ ಎಂದು ಅವನು ಹಳೆಯ ಕಾಗದ ಹುಡುಕಿ, ಅದರಲ್ಲಿ ಬರೆದ ಪಾದದ ಗೆರೆಯೊಳಗೆ ಅವಳ ಕಾಲಿಡಿಸಿದ. ಪಾದ ಗೆರೆ ದಾಟಿ ಒಂದು ಬೆರಳು ಆಚೆಗಿತ್ತು. ಹೆಬ್ಬೆರಳಿನಿಂದ ಒತ್ತಿದ. ಬಿದ್ದ ಗುಳಿ ಹಾಗೇ ಉಳಿಯಿತು.

"ಹತ್ತು ಗಂಟೆ ಕೂತೇ ಇರ್ತೀನಿ. ಕಾಲು ಊದದೆ ಮೂಗು ಊದುತ್ತಾ?"

"ಅಕ್ಕ, ಉಚ್ಚೇಲಿ ನೊರೆ ಬರುತ್ತಾ?"

ಅವಳು ನೆಲ ನೋಡಿದಳು. "ಡಾಕ್ಟರು ಕಿಡ್ನಿ ರೋಗ ಅಂತ ಬರೆದ್ರೆ ಸ್ಟೇರಿಂಗ್ ಕಿತ್ಕೊಳ್ತಾರೆ ಕಣೋ. ನಂಗೆ ಬೇರೆ ಏನು ಬರುತ್ತೆ?"

"ಒಂದ್ಸಲ ಉಚ್ಚೆ ಪರೀಕ್ಷೆಗೆ ಕೊಡು. ಈಗ್ಲೇ ಹಿಡಿದ್ರೆ ಮಾತ್ರೇಲಿ ತಡೀಬಹುದಂತೆ. ಬಿಟ್ರೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಗ ಯಾವ ಬಸ್ ಓಡಿಸ್ತೀಯ?"

"ನಿನ್ನ ರೋಗ ನಂಗೆ ಅಂಟಿಸ್ಬೇಡ, ಹೋಗೋ!" ಎಂದು ಡ್ಯೂಟಿಗೆ ಹೊರಟೇಬಿಟ್ಟಳು.

ಅವನು ಒಂದು ಅಟ್ಟೆ ವಕ್ರವಾಗಿ ಕತ್ತರಿಸಿದ. ಇನ್ನೊಂದನ್ನೂ ಕತ್ತರಿಸಿದ. ಕತ್ತರಿ ಬಿಸಾಕಿ, ಶಟರ್ ಎಳೆದು, ಓಡಿಹೋಗಿ ಅವಳದೇ ಬಸ್ಸು ಹತ್ತಿ ಬೆನ್ನ ಹಿಂದಿನ ಸೀಟು ಹಿಡಿದ. ಪ್ರತಿ ಸ್ಟಾಪಿನಲ್ಲೂ ಒಂದೇ ಪಾಠ.

"ಬೆಳಿಗ್ಗೆ ಎದ್ದ ತಕ್ಷಣದ್ದೇ ಬೇಕಂತೆ ಅಕ್ಕಾ!"

"ಜನ ಕೇಳಿಸ್ಕೊಳ್ತಿದ್ದಾರೆ, ಬಾಯಿ ಮುಚ್ಚೋ!"

"ಕೊಡ್ತೀನಿ ಅನ್ನು, ಮುಚ್ತೀನಿ."

ಬ್ಯಾಗು ಹಿಡಿದ ಅಜ್ಜಿಯೊಬ್ಬರು, "ಕೊಟ್ಬಿಡಮ್ಮಾ, ಅದೇನು ಕೇಳ್ತಿದ್ದಾನೋ ಪಾಪ," ಎಂದರು. ಬಸ್ಸಿಡೀ ನಕ್ಕಿತು. ಅಕ್ಕ ನಗಲಿಲ್ಲ. ಮೂರನೇ ಸುತ್ತಿನ ಸಿಗ್ನಲ್‌ನಲ್ಲಿ, ಕನ್ನಡಿಯಲ್ಲಿ ಅವನ ಮುಖ ನೋಡುತ್ತಾ ಹೇಳಿದಳು: "ಆಯ್ತಪ್ಪಾ, ಕೊಡ್ತೀನಿ. ಭಯ ಆಗುತ್ತೆ ಕಣೋ."

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಒಂದು ಸ್ಯಾಂಪಲ್ ಡಬ್ಬಿ ಕೊಂಡು ಸೀದಾ ಅಕ್ಕನ ಮನೆಗೆ ಹೋದ. ಊಟ ಮುಗಿಸಿ, ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ, ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ.