ಇದ್ವಲ್‌ನ ಡೈರಿಯಲ್ಲಿ ಇಲ್ಲದ ಬುಧವಾರ

ನನ್ನ ಗಂಡ ಇದ್ವಲ್ ಸರಕು ಹಡಗಿನಲ್ಲಿ ಹಾಯಿ ಹೊಲಿಯುವವನು. ಮನೆಗೆ ಬಂದರೂ ಬೆಳಿಗ್ಗೆ ಎದ್ದು ಮೊದಲು ಗಾಳಿಯ ದಿಕ್ಕು ನೋಡುತ್ತಾನೆ, ಆಮೇಲೆ ನನ್ನ ಮುಖ. ನನ್ನ ಲಂಗಕ್ಕೆ ಅವನು ಹಾಕಿದ ಹೊಲಿಗೆ ಬಿಚ್ಚಲು ಕತ್ತರಿ ಸಾಲದೆ ಚಾಕು ಬೇಕಾಯಿತು. ಈಜು ಮಾತ್ರ ಬಾರದು. "ಈಜು ಬಂದ್ರೆ ಸಾಯೋದು ತಡ ಆಗುತ್ತೆ, ಅಷ್ಟೇ" ಎಂದು ನಗುತ್ತಾನೆ.

ವೇಲ್ಸಿನ ಈ ದಡದಲ್ಲಿ, ನಮ್ಮ ನೆವಿನ್ ಊರಿನಲ್ಲಿ, ಹಡಗಿಗೆ ಹೋದವನೂ ಡೈರಿ ಬರೆಯುತ್ತಾನೆ, ಮನೆಯಲ್ಲಿ ಉಳಿದವಳೂ ಬರೆಯುತ್ತಾಳೆ. ಅವನು ಮರಳಿದ ಮೇಲೆ ಒಲೆಯ ಮುಂದೆ ಕೂತು ಎರಡನ್ನೂ ಹೊಂದಿಸಿ ಓದುವುದು. ನಮ್ಮ ಹಂದಿ ತಪ್ಪಿಸಿಕೊಂಡ ದಿನ ಅವನಿಗೆ ಬಿರುಗಾಳಿ, ಹೀಗೆ.

ಈ ಸಲ ನಾನು ಕಾದದ್ದು ಒಂದೇ ಪುಟಕ್ಕೆ. ಹೋದ ವರ್ಷದ ಮಾರ್ಚ್ ಒಂಬತ್ತು, ಬುಧವಾರ, ನಮ್ಮ ಮಗಳು ಲೊವ್ರಿ ಹುಟ್ಟಿದ ದಿನ. ಹೆರಿಗೆ ನೋವಿನ ನಡುವೆ, ಈಗ ಇವನೇನು ಮಾಡುತ್ತಿರಬಹುದು ಎಂಬುದನ್ನೇ ಹಿಡಿದುಕೊಂಡು ಮಲಗಿದ್ದೆ.

ಪುಟ ತಿರುವಿದೆ. 'ಮಂಗಳವಾರ ಎಂಟು. ಆಗ್ನೇಯ ಗಾಳಿ. ಮುಂದಿನ ಹಾಯಿಗೆ ತೇಪೆ.' ಎದುರು ಪುಟದಲ್ಲಿ ಗುರುವಾರ, ಹತ್ತು.

"ಬುಧವಾರ ಎಲ್ಲಿ?"

"ಇರ್ಲಿಲ್ಲ."

"ಇರ್ಲಿಲ್ವಾ? ಕುಡಿದು ಬಿದ್ದಿದ್ಯಾ?"

"ಕುಡಿಯೋಕಾದ್ರೂ ಒಂದು ದಿನ ಬೇಕಲ್ಲ ಮಾರಾಯ್ತಿ! ಆ ದಿನಾನೇ ಇರ್ಲಿಲ್ಲ."

ಆಲೂಗಡ್ಡೆ ಸುಲಿಯುತ್ತಿದ್ದ ಅತ್ತೆ ನಕ್ಕರು. "ಚಿಲಿಯಿಂದ ಪಶ್ಚಿಮಕ್ಕೆ ಆಸ್ಟ್ರೇಲಿಯಾ ಕಡೆ ಹೋದ್ರೆ ನಡುಗಡಲಲ್ಲಿ ಒಂದು ದಿನ ಬಿಟ್ಬಿಡ್ತಾರೆ ಕಣೇ, ಅಲ್ಲಿನ ಕ್ಯಾಲೆಂಡರಿಗೆ ಹೊಂದ್ಲಿ ಅಂತ. ನಿಮ್ಮ ಮಾವಂಗೆ ಹಾಗೇ ಒಂದು ಭಾನುವಾರ ಹೋಯ್ತು. ಚರ್ಚಿನ ಹಿರಿಯರು ಇವತ್ತಿಗೂ ನಂಬಿಲ್ಲ!"

ನಾನು ಮಾತ್ರ ಆ ಎರಡು ಪುಟಗಳ ನಡುವೆ ಬೆರಳಿಟ್ಟೆ. "ಅಷ್ಟೊಂದು ದಿನದಲ್ಲಿ ಅದನ್ನೇ ಬಿಡ್ಬೇಕಿತ್ತಾ ನಿಮ್ಮ ಕ್ಯಾಪ್ಟನ್?"

ಇದ್ವಲ್ ಡೈರಿಯನ್ನು ತನ್ನ ಕಡೆ ತಿರುಗಿಸಿಕೊಂಡ. ನನ್ನ ಕಾಗದದ ಕಟ್ಟಿನಿಂದ ಒಂದು ಹಾಳೆ ಎಳೆದ. ಹಾಯಿ ಸೂಜಿಗೆ ಮೇಣದ ದಾರ ಪೋಣಿಸಿ, ಎಂಟಕ್ಕೂ ಹತ್ತಕ್ಕೂ ನಡುವೆ ಅದನ್ನಿಟ್ಟು ಬಿಗಿಯಾಗಿ ಹೊಲಿದ. ಲೇಖನಿ ಅದ್ದಿಕೊಂಡು ಕೇಳಿದ:

"ಹೇಳು ನೆಸ್ತಾ. ಗಾಳಿ ಯಾವ ಕಡೆಯದು?"

"ಗಾಳಿ ನೋಡೋ ಹೊತ್ತೇನೋ ಅದು?"

"ಈಶಾನ್ಯ" ಎಂದರು ಅತ್ತೆ. "ಹಾಸಿಗೆ ಬಟ್ಟೆ ಒಣಹಾಕಿದ್ದು ನಾನಲ್ವಾ!"

'ಬುಧವಾರ ಒಂಬತ್ತು. ಈಶಾನ್ಯ ಗಾಳಿ' ಎಂದು ಬರೆದ. "ಆಮೇಲೆ?"

ಆಮೇಲಿನದನ್ನು ಹೇಳುತ್ತಾ ಹೋದೆ. ನಾನು ಕಿರುಚಿದ್ದಕ್ಕೆ ಅಂಗಳದ ಕೋಳಿಗಳು ಚದುರಿದ್ದು, ಮಗುವಿನ ಕೆಂಪು ಕೂದಲು, ಎಲ್ಲವನ್ನೂ ಬರೆದುಕೊಂಡ. ನನ್ನ ತೊಡೆಯ ಮೇಲಿದ್ದ ಲೊವ್ರಿ ದಾರದ ತುದಿ ಹಿಡಿದು ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಹೊಲಿಗೆ ಅಲುಗಲಿಲ್ಲ.